ಪ್ರಿಪ್ರಿಂಟ್ ಮತ್ತು ಪ್ರಕಾಶನ ಒಪ್ಪಂದಗಳು

ನಿಯತಕಾಲಿಕೆಯ ತಜ್ಞರ ಪರಿಶೀಲನೆಗೆ ಒಳಪಡುವ ಮೊದಲೇ ಲೇಖಕರು ಅಂತರ್ಜಾಲದಲ್ಲಿ ಉಚಿತ ಓದಿಗೆ ತೆರೆದಿಡುವ ಸಂಶೋಧನ ಪ್ರಬಂಧದ ಪ್ರತಿಯನ್ನು ಪ್ರಿಪ್ರಿಂಟ್ ಅಥವಾ ಮುದ್ರಣಪೂರ್ವ ಪ್ರತಿ ಎನ್ನುತ್ತಾರೆ. ಅದೇ ಪ್ರಬಂಧ ಮುಂದೆ ನಿಯತಕಾಲಿಕೆಯಲ್ಲಿ ಪ್ರಕಟವಾಗುವಾಗ ಲೇಖಕರು ಸಹಿ ಹಾಕುವ ಒಪ್ಪಂದವು ಈ ಪ್ರತಿಯ ಮೇಲಿನ ಹಕ್ಕುಗಳನ್ನೂ ನಿರ್ಧರಿಸುತ್ತದೆ.

ಹಿನ್ನೆಲೆ

ಬೇರೆಡೆ ಈಗಾಗಲೇ ಪ್ರಕಟವಾದುದನ್ನು ಸ್ವೀಕರಿಸುವುದಿಲ್ಲವೆಂಬ ನಿಯಮವನ್ನು 1969ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಸಂಪಾದಕ ಫ್ರಾಂಜ್ ಇಂಗಲ್‌ಫಿಂಗರ್ ಘೋಷಿಸಿದರು. ವೈದ್ಯಕೀಯ ಪತ್ರಿಕೆಗಳು ಇದನ್ನು ಬಹುಕಾಲ ಅನುಸರಿಸಿದವು. ಭೌತವಿಜ್ಞಾನಿಗಳ ರೂಢಿ ಬೇರೆಯಾಗಿತ್ತು. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಲಾಸ್ ಅಲಮೋಸ್‌ನಲ್ಲಿ ಆರಂಭಿಸಿದ ಭಂಡಾರವೇ ಇಂದಿನ ಆರ್ಕೈವ್. ಪ್ವಾಂಕರೆ ಊಹೆಯನ್ನು ಸಾಧಿಸಿದ ಗ್ರಿಗೊರಿ ಪೆರೆಲ್ಮಾನ್ 2002–03ರಲ್ಲಿ ತಮ್ಮ ಪ್ರಬಂಧಗಳನ್ನು ಅಲ್ಲಿಯೇ ಇರಿಸಿದರು. ಯಾವ ನಿಯತಕಾಲಿಕೆಗೂ ಕೊಡಲಿಲ್ಲವಾದ್ದರಿಂದ ಅವರಿಗೆ ಒಪ್ಪಂದದ ಗೊಡವೆಯೇ ಬರಲಿಲ್ಲ. ಜೀವವಿಜ್ಞಾನಕ್ಕೆ ಬಯೋಆರ್ಕೈವ್ 2013ರಲ್ಲಿಯೂ ವೈದ್ಯವಿಜ್ಞಾನಕ್ಕೆ ಮೆಡ್‌ಆರ್ಕೈವ್ 2019ರಲ್ಲಿಯೂ ಬಂದವು.

ಮೂರು ಪ್ರತಿಗಳು

ಸಾಮಾನ್ಯ ಓದುಗರಿಗೆ ಒಂದೇ ಎಂದು ಕಾಣುವ ಪ್ರಬಂಧವನ್ನು ಒಪ್ಪಂದಗಳು ಮೂರಾಗಿ ವಿಂಗಡಿಸುತ್ತವೆ: ಪರಿಶೀಲನೆಗೆ ಮುಂಚಿನ ಪ್ರಿಪ್ರಿಂಟ್, ಪರಿಶೀಲನೆಯ ನಂತರ ತಿದ್ದಿ ಅಂಗೀಕೃತವಾದ ಹಸ್ತಪ್ರತಿ, ಪ್ರಕಾಶಕರು ಪುಟವಿನ್ಯಾಸ ಮಾಡಿದ ಅಂತಿಮ ಪ್ರತಿ. ಮೊದಲನೆಯದನ್ನು ಹಂಚಲು ಎಲ್ಸ್‌ವಿಯರ್, ಸ್ಪ್ರಿಂಗರ್ ನೇಚರ್ ಮೊದಲಾದ ದೊಡ್ಡ ಪ್ರಕಾಶಕರು ಇಂದು ಅನುಮತಿ ನೀಡುತ್ತಾರೆ. ಚಂದಾ ಆಧಾರಿತ ನಿಯತಕಾಲಿಕೆಗಳಲ್ಲಿ ಎರಡನೆಯದಕ್ಕೆ ಹಲವು ತಿಂಗಳ ತಡೆಯಿರುವುದು ಸಾಮಾನ್ಯ. ಮೂರನೆಯದು ಚಂದಾದಾರರಿಗೆ ಮಾತ್ರ.

ತೊಡಕು ಇರುವುದು ಮೊದಲೆರಡರ ನಡುವಿನ ಗೆರೆಯಲ್ಲಿ. ಪರಿಶೀಲಕರು ತೋರಿಸಿದ ದೋಷವನ್ನು ತಿದ್ದಿ ಪ್ರಿಪ್ರಿಂಟನ್ನು ಪರಿಷ್ಕರಿಸಿದರೆ, ಆ ಪ್ರತಿಯು ಅಂಗೀಕೃತ ಹಸ್ತಪ್ರತಿಯ ನಿರ್ಬಂಧಕ್ಕೆ ಒಳಪಡಬಹುದು. ಆಗ ತಪ್ಪಿರುವ ಪ್ರತಿ ಎಲ್ಲರಿಗೂ ಉಚಿತ, ತಿದ್ದಿದ ಪ್ರತಿ ಹಣ ತೆತ್ತವರಿಗೆ ಮಾತ್ರ ಎಂಬ ವಿಪರ್ಯಾಸ ಉಂಟಾಗುತ್ತದೆ. ಔಷಧ, ಚಿಕಿತ್ಸೆಗಳ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ. ಎಲ್ಸ್‌ವಿಯರ್ ಈ ವಿಚಾರದಲ್ಲಿ ಆರ್ಕೈವ್ ಮತ್ತು ಅರ್ಥಶಾಸ್ತ್ರದ ರೆಪೆಕ್ ಭಂಡಾರಗಳಿಗೆ ವಿನಾಯಿತಿ ಕೊಟ್ಟಿದೆ. ಉಳಿದ ಶಾಸ್ತ್ರಗಳಿಗೆ ಅದೇ ಸೌಲಭ್ಯ ಏಕಿಲ್ಲವೆಂಬುದಕ್ಕೆ ರೂಢಿಯ ಹೊರತು ಬೇರೆ ಕಾರಣ ಕಾಣುವುದಿಲ್ಲ.

ಪರವಾನಗಿ

ಆರ್ಕೈವ್‌ಗೆ ಲೇಖಕರು ನೀಡುವ ವಿತರಣೆಯ ಪರವಾನಗಿ ಶಾಶ್ವತವಾದುದು. ಪ್ರಬಂಧವನ್ನು ಹಿಂತೆಗೆದುಕೊಂಡರೂ ಹಳೆಯ ಪ್ರತಿಗಳು ಓದಿಗೆ ದೊರೆಯುತ್ತಲೇ ಇರುತ್ತವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನೂ ಮರಳಿ ಪಡೆಯಲಾಗದು. ಅದರಡಿ ಪ್ರಿಪ್ರಿಂಟ್ ಹಂಚಿದವರು ಬಳಿಕ ಕೃತಿಸ್ವಾಮ್ಯವನ್ನು ಪೂರ್ಣವಾಗಿ ವಹಿಸಿಕೊಡುವ ಒಪ್ಪಂದಕ್ಕೆ ಸಹಿ ಹಾಕಿದರೆ, ಕೊಟ್ಟ ಎರಡು ಮಾತುಗಳು ಒಂದಕ್ಕೊಂದು ತಾಳೆಯಾಗದೆ ಹೋಗಬಹುದು.

ಇತ್ತೀಚಿನ ಬೆಳವಣಿಗೆಗಳು

ಧನಸಹಾಯ ಸಂಸ್ಥೆಗಳ ಒಕ್ಕೂಟವಾದ ಕೋಅಲಿಷನ್ ಎಸ್, ಅಂಗೀಕೃತ ಹಸ್ತಪ್ರತಿಯ ಹಕ್ಕು ಲೇಖಕರಲ್ಲಿಯೇ ಉಳಿಯಬೇಕೆಂಬ ಕಾರ್ಯನೀತಿಯನ್ನು 2020ರಲ್ಲಿ ಮುಂದಿಟ್ಟಿತು. ಗೇಟ್ಸ್ ಪ್ರತಿಷ್ಠಾನವು 2025ರಿಂದ ಪ್ರಕಟಣಾ ಶುಲ್ಕ ಭರಿಸುವುದನ್ನು ನಿಲ್ಲಿಸಿ, ತನ್ನ ನೆರವು ಪಡೆದವರಿಗೆ ಪ್ರಿಪ್ರಿಂಟನ್ನು ಕಡ್ಡಾಯಗೊಳಿಸಿತು. ಭಾರತ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ 6,000 ಕೋಟಿ ರೂಪಾಯಿಗಳ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗೆ ಒದಗಿಸುತ್ತದೆ. ಯಾವ ಸಂಸ್ಥೆಗೂ ಸೇರದ ಓದುಗರಿಗೆ ಹಲವು ವೇಳೆ ದೊರೆಯುವುದು ಪ್ರಿಪ್ರಿಂಟ್ ಒಂದೇ.