ಹಾವುರಾಣಿಗೆ ವಿಷ ಇಲ್ಲ ಸ್ವಾಮಿ!

ನಮ್ಮ ಹೊಸಹಳ್ಳಿ ಕಡೆ ಹಿತ್ತಲಲ್ಲೋ ಕಲ್ಲಿನ ಸಂದಿಯಲ್ಲೋ ಮಿರಮಿರ ಮಿಂಚುವ ಹಾವುರಾಣಿ ಕಂಡರೆ ಸಾಕು, "ಏ ಕಟ್ಟಿಗಿ ತಾರೋ!" ಅನ್ನೋ ಕೂಗು ಏಳುತ್ತೆ. ಎರಡೇ ಏಟು... ಕಥೆ ಮುಗೀತು. ಉದುರಿದ ಬಾಲ ಮಾತ್ರ ಇನ್ನೂ ಒದ್ದಾಡ್ತಾ ಇರುತ್ತೆ. ಯಾಕ್ರೀ ಹೊಡೆದ್ರಿ ಅಂದ್ರೆ, "ಹಾವಿಗಿಂತ ವಿಷ ಅದು, ನೆಕ್ಕಿದ್ರೂ ಸಾಯ್ತಾರೆ" ಅಂತಾರೆ. ಹಾಗನ್ನೋರಲ್ಲಿ ಡಿಗ್ರಿ ಮುಗಿಸಿದವರೂ ಇದ್ದಾರೆ!

ಎಲ್ಲಿದೆ ವಿಷ? ಹಾವುರಾಣಿಗೆ ವಿಷದ ಗ್ರಂಥಿಯೂ ಇಲ್ಲ, ವಿಷದ ಹಲ್ಲೂ ಇಲ್ಲ. ಪ್ರಪಂಚದಲ್ಲಿ ಹಾವುರಾಣಿಯ ಬಳಗ 1,700ಕ್ಕೂ ಹೆಚ್ಚಿದೆ, ಅದರಲ್ಲಿ ವಿಷದ್ದು ಅಂತ ಗೊತ್ತಾಗಿರೋದು ಒಂದೂ ಇಲ್ಲ. ಹಾವು ಅಂತ ತಪ್ಪು ತಿಳಿದೆ ಅನ್ನೋ ನೆಪವೂ ಬೇಡ. ನಾಲ್ಕು ಕಾಲಿವೆ, ಕಿವಿಯ ತೂತಿದೆ, ಕಣ್ಣು ಮಿಟುಕಿಸುತ್ತೆ. ಇದರಲ್ಲಿ ಹಾವಿಗೆ ಯಾವುದಿದೆ ಹೇಳಿ? ಜಿರಳೆ, ಮಿಡತೆ, ಚಿಟ್ಟೆ ಹುಳ ತಿಂದುಕೊಂಡು ತನ್ನ ಪಾಡಿಗಿರೋ ಪ್ರಾಣಿ ಅದು. ಹುಳಕ್ಕೆ ಅಂತ ದುಡ್ಡು ಕೊಟ್ಟು ಔಷಧಿ ಹೊಡೀತೀವಿ, ಪುಕ್ಕಟೆ ಹುಳ ತಿನ್ನೋದನ್ನ ಬಡಿದು ಕೊಲ್ತೀವಿ. ಎಂಥಾ ಬುದ್ಧಿವಂತರು ನಾವು!

"ಊರ ತುಂಬಾ ಇವೆ, ಒಂದು ಸತ್ರೆ ಏನಾಯ್ತು?" ಅನ್ನೋರಿಗೆ ಒಂದು ದ್ವೀಪದ ಕಥೆ ಹೇಳ್ತೀನಿ. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪ ಇದೆ. ಅಲ್ಲಿನ ಕಾಡಿನಲ್ಲೂ ಒಂದು ಜಾತಿ ಹಾವುರಾಣಿ ಇತ್ತು. ಬೇರೆಲ್ಲೂ ಇರದ, ಆದರೆ ಅಲ್ಲಿ ಮಾಮೂಲಿಯಾಗಿ ಕಾಣ್ತಿದ್ದ ಜಾತಿ. 1980ರ ದಶಕದಲ್ಲಿ ಹೊರಗಿನಿಂದ ಒಂದು ಜಾತಿ ತೋಳಹಾವು ಆ ದ್ವೀಪ ಸೇರಿತು. ಅದರ ದಾಯಾದಿ ನಮ್ಮ ಮನೆಗೋಡೆಗಳ ಸಂದಿಯಲ್ಲೂ ಇದೆ. ಆಮೇಲೆ ದ್ವೀಪದ ಹಾವುರಾಣಿಗಳು ಕರಗಿಹೋದವು. ಮುಖ್ಯ ಅನುಮಾನ ಆ ಹಾವಿನ ಮೇಲೇ. ಎಚ್ಚರಾಗಿ ಹಿಡಿದು ಸಾಕೋ ಹೊತ್ತಿಗೆ ಗಂಡೇ ಸಿಗಲಿಲ್ಲ. ಗಂಪ್ ಅಂತ ಹೆಸರಿಟ್ಟಿದ್ದ ಕೊನೆಯ ಹೆಣ್ಣು 2014ರ ಮೇ 31ರಂದು ಸತ್ತಿತು. 2017ರಲ್ಲಿ ಆ ಜಾತಿ ಅಳಿದುಹೋಯ್ತು ಅಂತ ಘೋಷಿಸಿದರು. ಅಷ್ಟೇ!

ನಮ್ಮ ಹಾವುರಾಣಿ ನಾಳೆಯೇ ಅಳಿದುಹೋಗುತ್ತೆ ಅಂತ ನಾನು ಹೆದರಿಸ್ತಿಲ್ಲ. ಇದು ದ್ವೀಪದ್ದಲ್ಲ, ಭಾರತದ ತುಂಬಾ ಇದೆ. ಆದರೆ 'ಬೇಕಾದಷ್ಟಿದೆ' ಅನ್ನೋದು ಕೊಲ್ಲೋಕೆ ಕಾರಣ ಆಗುತ್ತಾ? ದ್ವೀಪದಲ್ಲಿ ಹೊರಗಿಂದ ಬಂದ ಹಾವು ಹೊಟ್ಟೆಗಾಗಿ ತಿಂತು. ನಾವು ಬರೀ ಒಂದು ಸುಳ್ಳಿಗಾಗಿ ಹೊಡೀತಿದ್ದೀವಿ. ಯಾವುದು ವಿಷ, ನೀವೇ ಹೇಳಿ.

ಬ್ಲಾಗಿಗ ಮಿತ್ರರೇ, ಹುಲಿ ಉಳಿಸಿ ಅಂತ ಎಲ್ಲರೂ ಬರೀತೀವಿ. ನಮ್ಮ ಹಿತ್ತಲಿನದ್ದರ ಬಗ್ಗೆಯೂ ಒಂದು ಸಲ ಬರೀರಿ. ಬರೆಯೋಕೆ ಪುರುಸೊತ್ತಿಲ್ವಾ? ಸರಿ, ಮುಂದಿನ ಸಲ ಕಟ್ಟಿಗೆ ಎತ್ತಿದವರ ಕೈಯನ್ನಾದರೂ ಹಿಡಿಯಿರಿ.