ಸಾಲು ಮತ್ತು ಸೀನು

ನಾನು ಸಿನಿಮಾ ಪಂಡಿತನಲ್ಲ. ವರ್ಷಕ್ಕೆ ನಾಲ್ಕಾರು ಚಿತ್ರ ನೋಡುವವನು. ಟಿಕೆಟ್ಟಿನ ದುಡ್ಡಿಗೆ ಒಂದು ಕಥೆ ಸಿಕ್ಕಿದರೆ ಸಾಕೆನ್ನುವವನು. ಈಚೆಗೆ ಅದೂ ದುಬಾರಿ. ‘ಕಬ್ಜ’ (2023) ನೋಡಿದೆ, ‘ಮಾರ್ಟಿನ್’ (2024) ನೋಡಿದೆ. ಎರಡರಲ್ಲೂ ಸುರಿದ ದುಡ್ಡು ಕಂಡಿತು, ಎದ್ದ ಧೂಳು ಕಂಡಿತು, ಊರು ಕಾಣಲಿಲ್ಲ. ಎಲ್ಲ ಸೀಮೆಗೂ ಸಲ್ಲಬೇಕೆಂದು ಹೊರಟ ಕಥೆಗೆ ಯಾವ ಸೀಮೆಯ ಮಣ್ಣೂ ಅಂಟಿರಲಿಲ್ಲ. ಕರಾವಳಿಯ ಒಂದೇ ಹಳ್ಳಿಯನ್ನು ಬಿಗಿಯಾಗಿ ಹಿಡಿದ ‘ಕಾಂತಾರ’ (2022) ಮಾತ್ರ ದೇಶವನ್ನೆಲ್ಲ ಸುತ್ತಿ ಬಂತು.

ಊರಿನ ಹೆಸರು ಹೇಳಿಯೂ ಊರು ತೋರಿಸದ ಚಿತ್ರಗಳದು ಇನ್ನೊಂದು ಬಗೆ. ಅವು ನೆನಪಾದದ್ದು ಪಾಲಾರ್ ಸೇತುವೆಯ ಮೇಲೆ. ಮಲೆ ಮಹದೇಶ್ವರ ಬೆಟ್ಟ ಇಳಿದು ಮೆಟ್ಟೂರಿನತ್ತ ಹೋಗುವ ದಾರಿಯಲ್ಲಿ, ಪಾಲಾರ್ ಹಳ್ಳ ಕಾವೇರಿಗೆ ಸೇರುವಲ್ಲಿ ನಮ್ಮ ರಾಜ್ಯ ಮುಗಿಯುತ್ತದೆ. 1993ರ ಏಪ್ರಿಲ್ 9ರಂದು ಈ ಆಸುಪಾಸಿನಲ್ಲೇ ಕಾಡುಗಳ್ಳ ವೀರಪ್ಪನ್ ಹೂತಿಟ್ಟ ನೆಲಬಾಂಬು ಸಿಡಿದು 22 ಮಂದಿ ಸತ್ತರು.

ಆತ ಬದುಕಿದ್ದಾಗಲೇ, 1991ರಲ್ಲಿ, ದೇವರಾಜ್ ತೆರೆಯ ಮೇಲೆ ಅವನ ಪಾತ್ರ ಮಾಡಿದ್ದರು. 2013ರಲ್ಲಿ ‘ಅಟ್ಟಹಾಸ’ ಬಂತು, 2016ರ ಮೊದಲ ದಿನವೇ ರಾಮ್ ಗೋಪಾಲ್ ವರ್ಮಾರ ‘ಕಿಲ್ಲಿಂಗ್ ವೀರಪ್ಪನ್’. ‘ಅಟ್ಟಹಾಸ’ದ ಕಿಶೋರ್ ನಟನೆಯನ್ನು ಮೆಚ್ಚಿದೆ, ವರ್ಮಾ ಚಿತ್ರದ ಶಿವರಾಜಕುಮಾರ್ ಅವರ ಬಿಗಿಯನ್ನೂ ಮೆಚ್ಚಿದೆ. ಆದರೂ ಹೊರಬರುವಾಗ ತಲೆಯಲ್ಲಿ ಉಳಿದದ್ದು ಒಂದು ಮೀಸೆ, ಒಂದಷ್ಟು ಗುಂಡಿನ ಸದ್ದು. ಹನೂರಿನ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ನನ್ನ ಕಸಿವಿಸಿಯನ್ನು ಒಂದೇ ಮಾತಲ್ಲಿ ಮುಗಿಸಿದರು: “ಪಿಚ್ಚರ್ ಚೆಂದಾಗದ ಸಾ. ಆದ್ರ ಅದ್ರೊಳಗ ನಮ್ಮೂರೇ ಇಲ್ಲ.”

ಗೊತ್ತಿರುವ ಕಥೆಯಾದ್ದರಿಂದ ಸಪ್ಪೆಯಾಯಿತು ಎನ್ನೋಣವೆಂದರೆ, ಇದೇ ಸೀಮೆಯಲ್ಲಿ ಮಾದಪ್ಪನ, ಅಂದರೆ ಮಹದೇಶ್ವರನ, ಕಥೆ ಹಾಡುವ ದೇವರಗುಡ್ಡರು ಅದನ್ನು ಸುಳ್ಳು ಮಾಡುತ್ತಾರೆ. ಮಾದಪ್ಪನ ಕಾವ್ಯ ಯಾರಿಗೆ ಗೊತ್ತಿಲ್ಲ? ಆದರೂ ಕಂಸಾಳೆಯ ದನಿ ಎದ್ದರೆ ಜನ ಬೆಳತನಕ ಕೂರುತ್ತಾರೆ. ಆ ಕಾವ್ಯದ ಒಂದೊಂದು ಕಥಾಭಾಗಕ್ಕೂ ಸಾಲು ಎನ್ನುತ್ತಾರೆ; ಸಂಕಮ್ಮನ ಸಾಲನ್ನೇ ನೋಡಿ. ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ, ಕೊಡದಿದ್ದಕ್ಕೆ ಹಿಂಸಿಸುತ್ತಾನೆ. ಮಾದಪ್ಪ ಬಂದು ಕಾಯುವನೆಂದು ಎಲ್ಲರೂ ಬಲ್ಲರು. ಆದರೂ ಗುಡ್ಡರು ಅವಸರ ಮಾಡುವುದಿಲ್ಲ. ಅವಳ ಸಂಕಟದ ಪಕ್ಕ ಕೂರುತ್ತಾರೆ, ನಮ್ಮನ್ನೂ ಕೂರಿಸುತ್ತಾರೆ. ದೇವರ ಮಹಿಮೆ ಹೇಳುವ ಕಾವ್ಯ ಒಬ್ಬ ಹೆಂಗಸಿಗೆ ಇಡೀ ಒಂದು ಸಾಲು ಬಿಟ್ಟುಕೊಟ್ಟಿದೆ. ಕಾವ್ಯಕ್ಕೆ ಸಾಲಿದೆ, ಸಿನಿಮಾಕ್ಕೆ ಸೀನಷ್ಟೇ.

ಪಾಲಾರ್ ಕಥೆಯಲ್ಲಿ ಇಂಥ ಸಾಲುಗಳಿಗೆ ಬರವೇ? ಸ್ಫೋಟದ ಮೊಕದ್ದಮೆಯಲ್ಲಿ ನಾಲ್ವರಿಗೆ 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಜೀವಾವಧಿ ವಿಧಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲುಶಿಕ್ಷೆಗೆ ಏರಿಸಿತು. 2014ರಲ್ಲಿ ಮತ್ತೆ ಜೀವಾವಧಿಗೆ ಇಳಿಸಿತು. ಆ ಹತ್ತು ವರ್ಷ ಹಗ್ಗವನ್ನೇ ಕಾದು ಕೂತವರ ಮನೆಗಳಲ್ಲಿ ಏನಾಗುತ್ತಿತ್ತು? ಸತ್ತ 22 ಜನರ ಮನೆಗಳಲ್ಲಿ? ಎರಡೂ ಅಂಗಳದಲ್ಲಿ ಕ್ಯಾಮೆರಾ ಇಡಬಲ್ಲವನು ದೊಡ್ಡ ಚಿತ್ರ ಮಾಡಿಯಾನು. 2023ರಲ್ಲಿ ನೆಟ್‌ಫ್ಲಿಕ್ಸ್‌ನ ನಾಲ್ಕು ಕಂತಿನ ಸಾಕ್ಷ್ಯಚಿತ್ರ ಆ ದಿಕ್ಕಿಗೆ ಸ್ವಲ್ಪ ತಿರುಗಿತು. ಜನ ಮಾತಾಡುವಾಗ ಸುಮ್ಮನಿರುವ ತಾಳ್ಮೆ ಅದಕ್ಕಿತ್ತು.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರದಂತೂ ಯಾರೂ ಪೂರ್ತಿ ಹಾಡದ ಸಾಲು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ಬರಿಗೈಲಿ ನಡೆದುಹೋಗಿ ಪ್ರಾಣ ಕೊಟ್ಟವರು. ಗೋಪಿನಾಥಂನಲ್ಲಿ ಅವರು ಕಟ್ಟಿಸಿದ ಮಾರಿಯಮ್ಮನ ಗುಡಿಯಲ್ಲಿ ಇವತ್ತಿಗೂ ಅವರ ಪಟಕ್ಕೆ ಪೂಜೆಯುಂಟು. ವೀರಪ್ಪನ್ ಹುಟ್ಟಿದ ಊರೂ ಅದೇ.

ಮೀಸೆಯ ಪೋಸ್ಟರ್ ಮತ್ತೊಮ್ಮೆ ಗೋಡೆ ಹತ್ತಿದರೆ ನಾನು ಹೋಗುವವನೇ, ಚಪಲ ಬಿಡುವುದಿಲ್ಲ. ಪಾಲಾರ್ ಸೇತುವೆ ಸಿಡಿಯದೆ, ಸುಮ್ಮನೆ, ಎಷ್ಟು ಹೊತ್ತು ತೆರೆಯ ಮೇಲಿರುತ್ತದೆಂದು ಮಾತ್ರ ಈ ಸಲ ಗಡಿಯಾರ ನೋಡುತ್ತೇನೆ.