ಕೆನಡಾದ ಹಾಡಿಗೆ ತಲೆದೂಗುವ ಪಾವಗಡದ ತಮ್ಮಾ, ನಿನ್ನ ನಾಲಿಗೆಗೇನಾಗಿದೆ?

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಪಾವಗಡದ ಬಸ್ಸು ಹತ್ತುತ್ತೀಯ. ಸೀಟು ಸಿಕ್ಕ ಕೂಡಲೇ ಕಿವಿಗೆ ಇಯರ್‌ಫೋನ್. ಮಧುಗಿರಿ ದಾಟಿದ ಬಸ್ಸು ಆಂಧ್ರದ ಮಡಕಶಿರಾ ಸೀಮೆ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ನಿನಗೆ ಅದರ ಪರಿವೆಯಿಲ್ಲ. ಕಿವಿಯೊಳಗೆ ಕೆನಡಾದ ಕರಣ್ ಔಜ್ಲಾ ಹಾಡುತ್ತಿದ್ದಾನೆ. 2025ರ ಆಗಸ್ಟ್‌ನಲ್ಲಿ ಬಂದ ‘ಪಿ-ಪಾಪ್ ಕಲ್ಚರ್’ ಆಲ್ಬಮ್. ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದೆ.

ಹಾಕಲಿ ಬಿಡು. ಹಾಡು ಕೇಳಿದ್ದಕ್ಕೆ ನಿನ್ನನ್ನು ಬೈಯಲು ನಾವು ಬಂದಿಲ್ಲ. ಒಳ್ಳೆಯ ಹಾಡಿಗೆ ಗಡಿಯಿಲ್ಲ, ಕಿವಿಗೆ ಬೀಗ ಹಾಕುವುದು ಕನ್ನಡಿಗನ ಗುಣವಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡು. ಆ ಆಲ್ಬಮ್ಮಿನ ಹೆಸರಿನಲ್ಲಿರುವ ‘ಪಿ’ ಏನು?

ಪಂಜಾಬಿ! ಲೂಧಿಯಾನ ಜಿಲ್ಲೆಯ ಘುರಾಲಾ ಎಂಬ ಹಳ್ಳಿಯ ಹುಡುಗ, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಕೆನಡಾ ಸೇರಿದ. ಸುತ್ತಲೂ ಇಂಗ್ಲಿಷ್. ಆದರೂ ಹಾಡಿದ್ದು ತನ್ನ ಹಳ್ಳಿಯ ನುಡಿಯಲ್ಲಿ. 2024ರಲ್ಲಿ ಕೆನಡಾದ ಜೂನೊ ಪ್ರಶಸ್ತಿಗಳಲ್ಲಿ ಅಭಿಮಾನಿಗಳ ಆಯ್ಕೆಯ ಗೌರವ ಅವನಿಗೇ ಬಂತು. ನಿನಗೆ ಪಂಜಾಬಿಯ ನಾಲ್ಕು ಪದ ಬಾರದು, ಆದರೂ ಅವನ ಹಾಡು ಬಾಯಿಪಾಠ! ತನ್ನ ನುಡಿ ಬಿಡದವನ ಹಿಂದೆ ಲೋಕ ಬರುತ್ತದೆ ಎಂಬುದಕ್ಕೆ ನಿನಗಿಂತ ದೊಡ್ಡ ಸಾಕ್ಷಿ ಬೇಕೆ?

ಈಗ ನಿನ್ನ ಕಥೆ ನೋಡು. ಆಫೀಸಿನಲ್ಲಿ ಯಾರಾದರೂ ‘ಯಾವೂರು’ ಎಂದರೆ ‘ತುಮಕೂರು’ ಎನ್ನುತ್ತೀಯ. ಪಾವಗಡ ಎನ್ನಲು ಬಾಯಿ ಬಾರದು. ಎಂದೋ ಒಬ್ಬ ನಿನ್ನ ಮಾತು ಕೇಳಿ ‘ನೀನು ತೆಲುಗಿನವನಾ?’ ಎಂದು ನಕ್ಕ. ಅಂದಿನಿಂದ ಕನ್ನಡವನ್ನೇ ನುಂಗಿಕೊಂಡು ಹರುಕು ಇಂಗ್ಲಿಷಿಗೆ, ಮುರುಕು ಹಿಂದಿಗೆ ಇಳಿದೆ. ನಕ್ಕವನಿಗೆ ಭೂಪಟ ತೋರಿಸಬಾರದಿತ್ತೆ? ಬಹುಪಾಲು ಆಂಧ್ರದಿಂದಲೇ ಸುತ್ತುವರಿದ ತಾಲ್ಲೂಕು ನಮ್ಮದು. ಜಿಲ್ಲೆ ತುಮಕೂರು, ನೆಲ ತಾಗುವುದು ಚಿತ್ರದುರ್ಗಕ್ಕೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ. ಇಂಥ ಕಡೆ ಉಳಿದುಬಂದ ಕನ್ನಡ ಯಾವ ರಾಜಧಾನಿಯ ಕನ್ನಡಕ್ಕೆ ಕಡಿಮೆ? ಮನೆಯಲ್ಲಿ ತೆಲುಗಾಡುವವನ ಕನ್ನಡವೂ ಕನ್ನಡವೇ!

ನೀನು ಮೆಚ್ಚುವ ಹಿಪ್-ಹಾಪ್ ಹುಟ್ಟಿದ್ದಾದರೂ ಎಲ್ಲಿ? 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ವಠಾರದ ಕೂಟದಲ್ಲಿ. ಅಂದು ತಟ್ಟೆ ತಿರುಗಿಸಿದ ಕೂಲ್ ಹರ್ಕ್ ಜಮೈಕಾದಿಂದ ಬಂದವನು. ಬಡವರ, ಕಪ್ಪು ಜನರ ಕೇರಿ. ಅವರು ಯಾರ ಉಚ್ಚಾರಣೆಗೂ ಹೆದರಲಿಲ್ಲ, ತಮ್ಮ ಕೇರಿಯ ಮಾತನ್ನೇ ಹಾಡು ಮಾಡಿದರು.

ಹಾಡಲು ನಿನ್ನೂರಲ್ಲಿ ಸಂಗತಿಯಿಲ್ಲವೆ? ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳಿದ್ದಾರೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತ ಅಪ್ಪಂದಿರಿದ್ದಾರೆ. ತಿರುಮಣಿ, ವಳ್ಳೂರು ಸೇರಿ ಐದು ಊರಿನ 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ತಿನ ಪಾರ್ಕು ಎದ್ದಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ನೆಲವಿದ್ದವನಿಗೆ ಬಾಡಿಗೆ ಬಂತು, ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನು ಬಂತು? ಈ ಪ್ರಶ್ನೆಯನ್ನು ಲೂಧಿಯಾನದವನು ಬಂದು ಹಾಡುತ್ತಾನೆಯೆ? ಪ್ರಾಸ ಕಟ್ಟುವುದು ನಮಗೆ ಹೊಸದೂ ಅಲ್ಲ. ಕಾಡುಗೊಲ್ಲರು ಗಣೆಯೂದಿ ಜುಂಜಪ್ಪನ ಕಥೆ ಹಾಡಿದ ಸೀಮೆ ಇದು. ಲಾವಣಿಯವರು ಎದುರುಬದುರು ನಿಂತು ಸವಾಲು ಜವಾಬು ನಡೆಸಿದ ನಾಡು ಇದು.

‘ಕನ್ನಡದಲ್ಲಿ ಹಾಡಿದರೆ ಕೇಳುವವರು ಯಾರು’ ಎನ್ನಬೇಡ. 2011ರ ಜನಗಣತಿಯಲ್ಲಿ ಪಂಜಾಬಿ ತಾಯ್ನುಡಿಯವರು ದೇಶದಲ್ಲಿ 3.31 ಕೋಟಿ, ಕನ್ನಡದವರು 4.37 ಕೋಟಿ! ನಮಗೆ ಕಡಿಮೆಯಾಗಿರುವುದು ಜನರಲ್ಲ, ಅಭಿಮಾನ.

ಕೆನಡಾವನ್ನೇ ನೋಡು. ಪಕ್ಕದ ಅಮೆರಿಕದ ಹಾಡು ತನ್ನ ಹಾಡನ್ನು ನುಂಗೀತೆಂದು ಆ ದೇಶ 1971ರಲ್ಲೇ ನಿಯಮ ಮಾಡಿತು. ರೇಡಿಯೊದಲ್ಲಿ ನೂರಕ್ಕೆ 30 ಹಾಡು ಕೆನಡಾದವರದ್ದೇ ಇರಬೇಕು. ಆಮೇಲೆ ಅದನ್ನು 35ಕ್ಕೆ ಏರಿಸಿದರು. ಫ್ರೆಂಚ್ ಕೇಂದ್ರಗಳಲ್ಲಿ ನೂರಕ್ಕೆ 65 ಫ್ರೆಂಚ್ ಹಾಡು. ಟೊರಾಂಟೊದ ಕಪ್ಪು ಜನ ತಮ್ಮ ಸಂಗೀತಕ್ಕೊಂದು ಕೇಂದ್ರ ಕೇಳಿದಾಗ 1990ರಲ್ಲಿ ಸಿಗಲಿಲ್ಲ. ಬಿಡದೆ ಕೇಳಿದರು. 2001ರಲ್ಲಿ ‘ಫ್ಲೋ 93.5’ ಶುರುವಾಯಿತು. ಅದೇ 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬಂತು. ಕನ್ನಡದ ರಾಜಧಾನಿಯಲ್ಲಿ ಹಿಂದಿ ಹಾಡಿನದೇ ದರ್ಬಾರು! ಕನ್ನಡಿಗರು ಬಾಯಿಬಿಟ್ಟು ಕೇಳಿದ ಮೇಲೆ, ಕನ್ನಡಕ್ಕೆ ಕೇಳುಗರಿದ್ದಾರೆಂದು ವ್ಯಾಪಾರಿಗೆ ತಿಳಿದ ಮೇಲೆ, ಒಂದೊಂದೇ ಕೇಂದ್ರ ಕನ್ನಡಕ್ಕೆ ತಿರುಗಿತು. ಕೇಳದವನಿಗೆ ಯಾರೂ ಕೊಡುವುದಿಲ್ಲ.

ಈಗ ರೇಡಿಯೊ ನಿನ್ನ ಜೇಬಿನಲ್ಲಿದೆ. ನೀನು ಒತ್ತಿದ ಹಾಡೇ ಮೇಲೇರುತ್ತದೆ. ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್ಟೋ, ಎಂ.ಸಿ. ಬಿಜ್ಜು ಕನ್ನಡದಲ್ಲಿ ರ್ಯಾಪ್ ಹಾಡಿ ದಾರಿ ಮಾಡಿದ್ದಾರೆ. ಹಾಡು ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಹೇಳು, ಇನ್ನೂ ಚೆನ್ನಾಗಿ ಕಟ್ಟಿ ಎಂದು ಒತ್ತಾಯಿಸು. ಬರೀ ಗುಂಡು ಹುಡುಗಿಯ ಹಾಡು ಸಾಕು, ನಮ್ಮೂರ ಮಾತು ಬರಲಿ ಎಂದು ಕೇಳು. ಕೇಳದೆಯೇ ‘ಕನ್ನಡ ರ್ಯಾಪಾ?’ ಎಂದು ಮೂಗು ಮುರಿಯಬೇಡ. ಕಾಲೇಜಿನ ಹಬ್ಬದಲ್ಲಿ, ಕಂಪನಿಯ ರಾಜ್ಯೋತ್ಸವದಲ್ಲಿ ಕನ್ನಡದ ಹುಡುಗರಿಗೆ ವೇದಿಕೆ ಕೊಡಿಸು. ಟಿಕೆಟ್ ಕೊಂಡು ಹೋಗು.

ಮತ್ತೆ ನಿನ್ನ ಮೊಬೈಲಿನಲ್ಲಿ, ಯಾರಿಗೂ ತೋರಿಸದೆ ಬಚ್ಚಿಟ್ಟ ನಾಲ್ಕು ಸಾಲು ಇವೆಯಲ್ಲ, ಪಾವಗಡದ ಮಾತಿನಲ್ಲೇ ಬರೆದದ್ದು? ಅದನ್ನು ಹೊರಗೆ ತೆಗೆ. ಈ ಶುಕ್ರವಾರ ಔಜ್ಲಾನನ್ನು ಕೇಳುತ್ತಲೇ ಬಸ್ಸು ಹತ್ತು. ಮಡಕಶಿರಾ ದಾಟಿ ನಮ್ಮ ನೆಲ ಬಂದಾಗ ಇಯರ್‌ಫೋನ್ ತೆಗೆದು ಪಕ್ಕದ ಸೀಟಿನವನಿಗೆ ಆ ಸಾಲು ಓದಿ ಹೇಳು. ಅವನು ‘ಯಾವೂರು’ ಎಂದು ಕೇಳಿದರೆ, ತಲೆಯೆತ್ತಿ ಹೇಳು: ಪಾವಗಡ!